ಬದುವಿನಾಚೆಯ ಕೂಗು

ಕನ್ನಡ ನಾಡು ಒಂದಾದ ವರ್ಷದ ಎಳ್ಳಮಾವಾಸ್ಯೆ. ಎಂಜಿನ್ನಿಗೆ ನೀರು ಬೇಕೆಂದು ಹಾಳು ಬಸ್ಸು ಯಳವತ್ತಿಯ ಹತ್ತಿರ ನಿಂತಿತು. ಬೇಸತ್ತು ಹೊಲಕ್ಕಿಳಿದೆ. ಎದೆಯುದ್ದದ ಬಿಳಿಜೋಳ, ನಡುವೆ ಕುಸುಬೆಯ ಸಾಲು, ಬದುವಿನ ಬದಿಗೆ ಕಡಲೆ, ಅಗಸೆ. ರೈತನೊಬ್ಬ ಭೂಮಿತಾಯಿಗೆ ಚರಗ ಚೆಲ್ಲಲು ಕಡುಬು, ಅನ್ನ ಕಲಸಿದ ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದ.

“ಯಾಕ ನಿಂತೀರಿ?” ಎಂದೆ.

“ಚೆಲ್ಲಾಂವ ‘ಹುಲ್ಲುಲಿಗ್ಯೋ’ ಅಂದ್ರ, ಹಿಂದ ನೀರು ಹಾಕಾಂವ ‘ಚಳ್ಳಂಬ್ರಿಗ್ಯೋ’ ಅನ್ನಬೇಕ್ರಿ. ನಮ್ಮ ತಮ್ಮ ಅಂತಿದ್ದ. ಈ ವರ್ಷ ಹೊಲ ಪಾಲಾತು, ಮಾತೂ ನಿಂತಾವು. ಮನ್ಯಾಗ ಈಗ ನಾ ಒಬ್ಬಾಂವ.”

ನೀರಿನ ತಂಬಿಗೆಯನ್ನು ನಾನೇ ಎತ್ತಿಕೊಂಡೆ. ಅವನು ಕೂಗಿದ, ನಾನು ಉತ್ತರ ಕೊಟ್ಟೆ. ನನ್ನ ಪೇಟೆಯ ದನಿ ಆ ಜೋಳದಲ್ಲಿ ನಾಲ್ಕು ಮಾರೂ ಹೋಗಲಿಲ್ಲ. ಆದರೂ ಹೊಲ ಸುತ್ತಿದೆವು.

ಕೊನೆಯ ಮೂಲೆಗೆ ಬಂದಾಗ ಬದುವಿನಾಚೆಯಿಂದ “ಹುಲ್ಲುಲಿಗ್ಯೋ” ಎಂಬ ಕೂಗು ಕೇಳಿತು. ಒಂದೇ ದನಿ. ತುಸು ಹೊತ್ತು ಬಿಟ್ಟು ಮತ್ತೆ ಕೇಳಿತು. ಉತ್ತರ ಕೊಡುವವರು ಅಲ್ಲೂ ಇರಲಿಲ್ಲ.

“ತಮ್ಮನಾ?” ಎಂದೆ.

ಅವನು ಹೌದೆಂದು ತಲೆಯಾಡಿಸಿದ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ತಂಬಿಗೆಗೆ ಮತ್ತೆ ನೀರು ತುಂಬಿ ನನ್ನ ಕೈಗಿಟ್ಟ.

“ಅಲ್ಲೂ ಒಂದೀಟು ಹೋಗಿ ಅಂದು ಬರ್ರಿ. ನಾ ಕಳಿಸೇನಂತ ಹೇಳಬ್ಯಾಡ್ರಿ.”