ಕಬ್ಬಿಣ ಹಿಡಿದ ಹೊಗೆ

ಅಣ್ಣ ಉರಿಗಾಂನ ಚಿನ್ನದ ಗಣಿಯಲ್ಲಿ ಬಂಡೆಗೆ ಮದ್ದು ತುಂಬುವ ಕೆಲಸದಲ್ಲಿದ್ದ. ನಮ್ಮ ಮನೆ ಬಂಗಾರಪೇಟೆಯಲ್ಲಿ. ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ. ನಾನು ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದವನು ರಜೆಗೆಂದು ಊರಿಗೆ ಬಂದಿದ್ದೆ.

ಆ ದಿನ ಅಣ್ಣ ಮಧ್ಯಾಹ್ನವೇ ಬಂದುಬಿಟ್ಟ. ಮದ್ದು ಸಿಡಿದ ಮೇಲೆ, ಹೊಗೆ ಆರುವ ಮುಂಚೆಯೇ ಜೊತೆಗಾರನೊಬ್ಬ ಒಳಗೆ ಹೋಗಿ ಕುಸಿದಿದ್ದನಂತೆ. ಅಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡು ನುಗ್ಗಿ ಅವನನ್ನು ಎಳೆದುತಂದಿದ್ದ. ಅತ್ತಿಗೆ ಗಾಬರಿಯಾಗಿ ಅವನ ಎದೆ, ಬೆನ್ನು ಮುಟ್ಟಿ ನೋಡಿದರು.

"ಏನೂ ಆಗಿಲ್ಲ ಕಣೆ. ಒಸಿ ಗಂಟ್ಲು ಉರೀತೈತೆ, ಅಷ್ಟೇಯ," ಎಂದ. ನನ್ನ ಕಡೆ ತಿರುಗಿ, "ಕೆಂಪು ಒಗೆ ಕಣ್ಲಾ, ಇಟ್ಟಿಗೆ ಬಣ್ಣದ್ದು," ಎಂದ.

ಮುದ್ದೆ, ಹುರುಳಿ ಸಾರು ಉಂಡ. ಜಗಲಿಯಲ್ಲಿ ಕೂತು ಪಕ್ಕದ ಮನೆಯ ತುಂಟ ಎಮ್ಮೆಯನ್ನು ಅಣಕಿಸಿ ನಕ್ಕ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಮ್ಮು ಹತ್ತಿತು. ಡಾಕ್ಟರು ಬರುವಷ್ಟರಲ್ಲಿ ಬಾಯಲ್ಲಿ ನೊರೆ. ನಮ್ಮ ಕಣ್ಣೆದುರೇ, ಒಣನೆಲದ ಮೇಲೆ, ಅಣ್ಣ ನೀರಲ್ಲಿ ಮುಳುಗುವವನಂತೆ ಕೈ ಬಡಿಯುತ್ತಾ ಹೋಗಿಬಿಟ್ಟ. ಹೊಗೆ ಶ್ವಾಸಕೋಶವನ್ನು ಸುಟ್ಟಿತ್ತು, ಗಂಟೆಗಟ್ಟಲೆ ಒಳಗೇ ನೀರು ಊರುತ್ತಿತ್ತು ಎಂದರು ಡಾಕ್ಟರು. ಅಂದರೆ ಅವನು ನಗುತ್ತಿದ್ದಾಗಲೂ.

ರಜೆ ಮುಗಿಸಿ ಹೋದಾಗ ಕಾಲೇಜಿನಲ್ಲಿ, ಗಣಿಯ ಮದ್ದಿನಲ್ಲೂ ಇರುವ ನೈಟ್ರೇಟನ್ನು ಪತ್ತೆಹಚ್ಚುವ ಪಾಠ. ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಬೆರೆಸಿದ ದ್ರಾವಣಕ್ಕೆ ಗಂಧಕಾಮ್ಲವನ್ನು ಗಾಜಿನ ಪ್ರನಾಳದ ಗೋಡೆಗುಂಟ ಇಳಿಬಿಟ್ಟರೆ, ಎರಡೂ ಸೇರುವಲ್ಲಿ ಕಂದು ಉಂಗುರ ಮೂಡುತ್ತದೆ. ಅಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡನ್ನು ಕಬ್ಬಿಣ ಹಿಡಿದುಕೊಂಡದ್ದರ ಗುರುತು ಅದು. ಗಾಳಿ ಸೋಕಿದರೆ ಕೆಂಪಾಗುವ ಅನಿಲ. ಅಣ್ಣ ಕಂಡಿದ್ದು ಇದನ್ನೇ.

"ಅದರಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇದೆ," ಎಂದರು ಅಧ್ಯಾಪಕರು. "ಕಬ್ಬಿಣದ ಜೊತೆ ಬಂಧವಾದ ಮೇಲೆ ಅದು ಕಬ್ಬಿಣದ್ದೋ ಅನಿಲದ್ದೋ? ಒಂದೊಂದು ಪುಸ್ತಕ ಒಂದೊಂದು ಹೇಳುತ್ತೆ."

ಓದು ಮುಗಿಸಿ ಬಂಗಾರಪೇಟೆಯ ಶಾಲೆಗೇ ಮೇಷ್ಟ್ರಾಗಿ ಬಂದೆ. ಒಂದು ಭಾನುವಾರ ಶಾಲೆಯ ಪ್ರಯೋಗಾಲಯದಲ್ಲಿ ಸೀಸೆಗಳನ್ನು ಜೋಡಿಸುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

"ಆ ಒಗೆ ಯಾವ್ದು ಅಂತ ನಿಂಗೆ ಗೊತ್ತೈತಲ್ಲಪ್ಪ. ನಂಗೂ ತೋರ್ಸು."

"ಬೇಡಿ ಅತ್ತಿಗೆ."

"ನನ್ ಗಂಡುನ್ನ ತಕ್ಕೊಂಡೋದದ್ದು. ನಾನು ನೋಡ್ಬಾರ್ದಾ?"

ತೋರಿಸಿದೆ. ಉಂಗುರ ಮೂಡಿತು. ಅವರು ಬಗ್ಗಿ ನೋಡಿದರು.

"ಒಗೆ ಎಲ್ಲೈತೆ ಇದ್ರಾಗೆ?"

"ಕಬ್ಬಿಣ ಇಡ್ಕೊಂಡೈತೆ. ನಮ್ಮ ರಕ್ತದಾಗೂ ಕಬ್ಬಿಣ ಐತೆ ಅತ್ತಿಗೆ. ಅದೂ ಇಡ್ಕೊಂತದೆ."

"ಯಾಕೆ ಇಡ್ಕೊಂತದೆ?"

ಜೋಡಿಯಿಲ್ಲದ ಎಲೆಕ್ಟ್ರಾನಿನ ವಿಷಯ ನನಗೆ ತಿಳಿದಷ್ಟು ಹೇಳಿದೆ. ಈಗ ಅದು ಯಾರದೆಂದು ತೀರ್ಮಾನವಾಗಿಲ್ಲ ಎಂದೂ ಹೇಳಿದೆ. ಅವರು ಗಾಜಿನ ಹೊರಗೆ ಉಂಗುರದ ಗುಂಟ ಬೆರಳಾಡಿಸಿದರು.

"ಬಿಡ್ಸಕ್ಕಾಗಲ್ವಾ?"

ಪ್ರನಾಳವನ್ನು ಮೆಲ್ಲಗೆ ಬಿಸಿ ಮಾಡಿದೆ. ಉಂಗುರ ಕದಡಿ ಮಾಯವಾಯಿತು. ಪ್ರನಾಳದ ಬಾಯಲ್ಲಿ ನಸುಗೆಂಪು ಎಳೆಯೊಂದು ಎದ್ದಿತು.

"ಇಟ್ಟಿಗೆ ಬಣ್ಣ," ಎಂದು ಅತ್ತಿಗೆ ಮುಖವನ್ನು ಇನ್ನೂ ಹತ್ತಿರ ತಂದರು. ನಾನು ಅವರ ತೋಳು ಹಿಡಿದು ಹೊರಗೆಳೆದೆ. ಅಣ್ಣ ಸತ್ತ ದಿನವೂ ಅಳದಿದ್ದವರು ಶಾಲೆಯ ಮೆಟ್ಟಿಲಲ್ಲಿ ಕೂತು ಅತ್ತರು.

ಆ ವರ್ಷವೇ ಅವರು ಕಾಮಸಮುದ್ರದ ಹತ್ತಿರದ ತವರಿಗೆ ಹೋಗಿ ಹಸು ಕಟ್ಟಿದರು. ಚೆನ್ನಾಗಿಯೇ ಬದುಕಿದರು. ನಾನು ಹೋದಾಗಲೆಲ್ಲ ಊಟ ಬಡಿಸಿ ಎದುರಿಗೇ ಕೂರುತ್ತಿದ್ದರು. ಮಾತಾಡುತ್ತಲೇ ಅವರ ಕಣ್ಣು ನನ್ನ ಎದೆಯ ಏರಿಳಿತದ ಮೇಲೆ ನಿಂತಿರುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟರೆ ಚೀಲ ಕಿತ್ತಿಟ್ಟು ಹೇಳುತ್ತಿದ್ದರು:

"ಕತ್ಲಾಗ್ಲಿ, ದೀಪ ಹಚ್ಚೋ ಒತ್ತು ಕಳೀಲಿ. ಆಮ್ಯಾಕೆ ಓಗೀವಂತೆ."