ಮೂರನೆಯ ಈಡಿನ ಕಾಡತೂಸು

ಸಾಯುವವರು ದೂರದಿಂದ ಸೂಚನೆ ಕಳಿಸುತ್ತಾರೆ ಎನ್ನುವವರ ಮಾತನ್ನು ನಾನು ಒಳಗೊಳಗೇ ನಗುತ್ತ ಕೇಳಿಕೊಂಡು ಬಂದವನು. ಓದಿದ್ದು ಭೌತಶಾಸ್ತ್ರ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು, ಅಥವಾ ನಡೆಯಿತೆಂದು ನನಗೆ ನೆನಪಿರುವುದನ್ನು, ಬರೆಯುತ್ತೇನೆ.

ಅಪ್ಪ ಕೊಳ್ಳೇಗಾಲದ ಕಡೆಯವರು, ಪ್ರಾಯದಲ್ಲಿ ಬೇಟೆಗಾರರು. ಅವರದು ತ್ರೀ ಒನ್ ಫೈವ್ ರೈಫಲ್. ಸೈನ್ಯದ ಗುಂಡು ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ತಡೆ ಹಾಕಿದ್ದರಿಂದ, ಬೇಟೆಗೆಂದು ಬೇರೆ ಅಳತೆಯಲ್ಲಿ ಬಂದ ಕಾಡತೂಸು ಅದರದು. ನೂರು ಗಜದೊಳಗೆ ಬಲು ನಂಬಿಕಸ್ಥ, ಆಚೆಗೆ ಹೋದರೆ ಬೇಗ ಕೆಳಗಿಳಿಯುತ್ತದೆ ಎನ್ನುತ್ತಿದ್ದರು. ಗುಂಡಿನ ಮೂತಿ ಮೆತ್ತನೆಯ ಸೀಸ. ಮೈಯೊಳಗೆ ಹೊಕ್ಕರೆ ಅಣಬೆಯಂತೆ ಅರಳಿ ಅಲ್ಲೇ ನಿಲ್ಲುತ್ತದೆ.

ನಾನು ಚಿಕ್ಕವನಿದ್ದಾಗ ಹೊಲಕ್ಕೆ ನುಗ್ಗುವ ಹಂದಿಯ ಬೇಟೆಗೆ ಅಪ್ಪ ಮತ್ತು ಅವರ ಸ್ನೇಹಿತ ಬಸಪ್ಪ ಹೋದರು. ಇಬ್ಬರದೂ ಅದೇ ಬಗೆಯ ರೈಫಲ್. ಮೂರು ಈಡು ಕೇಳಿಸಿದವು. ಇಬ್ಬರೂ ಮೊದಲು ಹೊಡೆದ ಎರಡು ಗುಂಡು ಹಂದಿಯ ಮೈಯಲ್ಲಿ ಸಿಕ್ಕವು. ಮೂರನೆಯದು ಪೊದೆಯಾಚೆ ಇದ್ದ ನನ್ನ ಚಿಕ್ಕಪ್ಪನ ಎದೆಯಲ್ಲಿ.

ಖಾಲಿ ಕಾಡತೂಸು ಸಿಕ್ಕಿದ್ದು ಎರಡೇ, ಒಬ್ಬೊಬ್ಬರದು ಒಂದೊಂದು. ಅಪ್ಪನ ರೈಫಲಿನಲ್ಲಿ ಗುಂಡು ಸಿಡಿಸುವ ಪಿನ್ನು ಕಾಡತೂಸಿನ ತಳದ ನಡುವೆ ಬಡಿಯದೆ ಪಕ್ಕಕ್ಕೆ ಸರಿದು ಬಡಿದು ಗುರುತು ಬಿಡುತ್ತಿತ್ತು. ಮೂರನೆಯದು ಸಿಕ್ಕಿದ್ದರೆ ಯಾರದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಆ ಗಾಬರಿಯಲ್ಲಿ ತಾನು ಒಮ್ಮೆ ಹೊಡೆದೆನೋ ಎರಡು ಸಲವೋ ಎಂಬುದೇ ಅಪ್ಪನಿಗೆ ನೆನಪಿರಲಿಲ್ಲ. ಬಸಪ್ಪನವರಿಗೂ ಇರಲಿಲ್ಲವಂತೆ. ಅಪ್ಪ ರೈಫಲನ್ನು ಠಾಣೆಗೆ ಒಪ್ಪಿಸಿಬಿಟ್ಟರು. ಆಮೇಲೆ ವರ್ಷಗಟ್ಟಲೆ ಆ ಪೊದೆಯ ಸುತ್ತ ನೆಲ ಕೆದಕಿದರು.

ಎರಡು ಸಾವಿರದ ದಶಕದ ನಡುವೆ ನಾನು ವಿಶಾಖಪಟ್ಟಣದ ಗಾಜುವಾಕದಲ್ಲಿ ಬ್ಯಾಂಕ್ ಅಧಿಕಾರಿ. ಹೆಂಡತಿಗೆ ಕೊಂಡಪಲ್ಲಿಯಲ್ಲಿ ಕೆಲಸವಾದ್ದರಿಂದ ಅವಳೂ ಹಾಸಿಗೆ ಹಿಡಿದ ಅಪ್ಪನೂ ಅಲ್ಲಿಗೆ ಹತ್ತಿರದ ವಿಜಯವಾಡದಲ್ಲಿದ್ದರು. ವಾರಕ್ಕೊಮ್ಮೆ ನಾನು ಹೋಗಿಬರುತ್ತಿದ್ದೆ. ಕೊನೆಯ ಸಲ ಹೊರಟಾಗ ಅಪ್ಪ ಕೈ ಹಿಡಿದು, "ನಂದಲ್ಲ ಅಂತ ಒಂದ್ಸಲ ಹೇಳೋ ಮಗಾ" ಅಂದರು.

"ಗೊತ್ತಿಲ್ದೇ ಇರೋದನ್ನ ಹೆಂಗಪ್ಪ ಹೇಳ್ಲಿ?" ಅಂದೆ. ಅವರು ಕೈ ಬಿಟ್ಟರು.

ಆ ವಾರ ನಮ್ಮ ಶಾಖೆಯ ಗಾರ್ಡ್ ಅಪ್ಪಲಸ್ವಾಮಿಗೆ ವರ್ಷಕ್ಕೊಮ್ಮೆ ನಡೆಯುವ ಗುರಿ ಪರೀಕ್ಷೆ. ಅವನ ಕೈಲಿದ್ದದ್ದೂ ತ್ರೀ ಒನ್ ಫೈವೇ. ಐದು ಕಾಡತೂಸು ಹೊಡೆದು, ಖಾಲಿಯಾದ ಐದನ್ನೂ ಎಣಿಸಿ ಶಾಖೆಗೆ ಮರಳಿಸಬೇಕು. ಅದಕ್ಕೇ ಅಧಿಕಾರಿಯೊಬ್ಬ ಜೊತೆಗಿರುವುದು; ಆ ಸಲ ನಾನು. ಮಧ್ಯಾಹ್ನ ಹನ್ನೆರಡರ ಬಿಸಿಲು. ಐದು ಈಡು ಕೇಳಿದೆ. ನೆಲದಿಂದ ಹೆಕ್ಕಿದಾಗ ಆರು.

ಅಪ್ಪಲಸ್ವಾಮಿ ಬೆಳಗಾವಿಯಲ್ಲಿ ಫೌಜಿನಲ್ಲಿದ್ದವನು, ಅಲ್ಲಿ ಕಲಿತ ಕನ್ನಡವನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದ. "ಐದ ಹೊಡದೀನ್ರೀ ಸಾರ್. ನಿಮ್ಮ ಕನ್ನಡದಾಗ ಐದಕ್ಕ ಆರು ಅಂತಾರೇನ್ರೀ?" ಎಂದು ನಕ್ಕ.

ಐದು ಹೊಳೆಯುತ್ತಿದ್ದವು. ಆರನೆಯದು ಕಪ್ಪಾಗಿ, ಕಿಲುಬು ಹಿಡಿದು, ಒಳಗೆ ಕೆಂಪು ಮಣ್ಣು ತುಂಬಿಕೊಂಡಿತ್ತು. ಆದರೂ ಆಗಷ್ಟೇ ಹೊಡೆದಂತೆ ಬೆರಳು ಸುಡುತ್ತಿತ್ತು. ತಳ ನೋಡಿದೆ. ಪಿನ್ನಿನ ಗುರುತು ಅಪ್ಪನದರಂತೆ ಪಕ್ಕಕ್ಕಿರಲಿಲ್ಲ, ಸರಿಯಾಗಿ ನಡುವೆ ಇತ್ತು.

ಮೊದಲು ಹೊಳೆದದ್ದು ಅಪ್ಪನಿಗೆ ಫೋನ್ ಮಾಡಬೇಕೆಂದು. ಆಮೇಲೆ ನಾಚಿಕೆಯಾಯಿತು. ಎಷ್ಟೋ ಜನ ಹೊಡೆದುಹೋಗುವ ಮೈದಾನ, ಯಾರದೋ ಹಳೆಯದು, ಬಿಸಿಲಿಗೆ ಕಾದಿರುತ್ತದೆ. ಏನೆಂದು ಹೇಳಲಿ? ಮನೆಗೆ ಹೋದಾಗ ಹೇಳಿದರಾಯಿತು ಎಂದುಕೊಂಡೆ. ಆರನ್ನೂ ಬಟ್ಟೆಯ ಚೀಲಕ್ಕೆ ಹಾಕಿ ನಾನೇ ಗಂಟು ಕಟ್ಟಿದೆ. ಶಾಖೆಯಲ್ಲಿ ಬಿಚ್ಚಿದಾಗ ಇದ್ದದ್ದು ಐದು. ಆ ದಿನದ ನನ್ನ ಡೈರಿಯಲ್ಲೂ ನನ್ನದೇ ಅಕ್ಷರದಲ್ಲಿ 'ಐದು' ಎಂದಿದೆ. ಆರನೆಯದನ್ನು ನಾನು ನೋಡಿದೆನೋ, ಆಮೇಲೆ ದುಃಖದಲ್ಲಿ ಸೇರಿಸಿಕೊಂಡೆನೋ, ಆಣೆಯಿಟ್ಟು ಹೇಳಲಾರೆ. ಅಪ್ಪಲಸ್ವಾಮಿಯನ್ನು ಕೇಳಲು ಧೈರ್ಯ ಬರಲಿಲ್ಲ; ಈಗ ಅವನೂ ಇಲ್ಲ.

ಸಂಜೆ ಹೆಂಡತಿಯ ಫೋನ್ ಬಂತು. ಅಪ್ಪ ಮೂರು ಗಂಟೆಗೆ ಹೋಗಿದ್ದರು.

ಬೆಳಗಿನ ಜಾವ ಮನೆ ತಲುಪಿದೆ. ಅವಳು ಅತ್ತು ಸಮಾಧಾನವಾದ ಮೇಲೆ ಹೇಳಿದಳು: "ಮಧ್ಯಾಹ್ನ ಹನ್ನೆರಡರಿಂದ ಫೋನ್ ಕಡೆನೇ ನೋಡ್ತಿದ್ರು ರೀ. 'ಅವನಿಗೆ ಸಿಕ್ತು, ಈಗ ಹೇಳ್ತಾನೆ' ಅಂತಿದ್ರು. ಏನು ಸಿಕ್ತು ನಿಮಗೆ?"

ಏನು ಸಿಕ್ಕಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಪ್ಪ ಮೂರು ಗಂಟೆ ಕಾಲ ಕಾದಿದ್ದರು ಎಂಬುದು ಮಾತ್ರ ಗೊತ್ತು.