ಅತ್ತಿಗೆಯ ಜೋಗುಳ

ಅವರ ಗಂಟಲ ಮೇಲೆ, ನುಂಗುವಾಗ ಏರಿಳಿಯುವ ಜಾಗದಲ್ಲಿ, ಒಂದು ಹಸಿರು ಹಚ್ಚೆಯ ಚುಕ್ಕಿ ಇತ್ತು. ಹಾಡುವಾಗ ಅದು ನಡುಗುತ್ತಿತ್ತು. ತಾಯಿ ಸತ್ತ ಮೇಲೆ, ಚಿಕ್ಕ ಹುಡುಗನಾಗಿ ಅವರ ಮಡಿಲಲ್ಲಿ ಮಲಗಿ ನಾನು ನೋಡುತ್ತಿದ್ದದ್ದು ಆ ಚುಕ್ಕಿಯನ್ನೇ. ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದು ಹೋಗಿದ್ದೇನೆ. ಚುಕ್ಕಿಯ ವಿಷಯ ಬರೆದರೆ ಮುಂದಿನದನ್ನೂ ಬರೆಯಬೇಕಾಗುತ್ತದೆ.

ಅಣ್ಣನನ್ನು ಮದುವೆಯಾಗಿ ಬಂದಾಗ ಅವರೂ ಹುಡುಗಿಯೇ. ಅಣ್ಣನಿಗೆ ಮಹದೇವಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹಾವೇರಿ ಕಡೆಯಿಂದ ಕುಂದಲಹಳ್ಳಿಗೆ ಬಂದಾಗ, ನನ್ನನ್ನೂ ಕೈಹಿಡಿದು ಕರೆತಂದರು. ಇಷ್ಟು ವರ್ಷ ಇಲ್ಲಿದ್ದರೂ ಅವರ ಮಾತು ಊರಿನದಾಗಿಯೇ ಉಳಿಯಿತು. ಶಾಲೆಯಲ್ಲಿ ಏಟು ತಿಂದು ಬಂದರೂ, ಅಣ್ಣನ ಹತ್ತಿರ ಬೈಸಿಕೊಂಡು ಬಂದರೂ ಅವರದು ಒಂದೇ ಮಾತು: "ಮೊದ್ಲ ಉಣ್ಣು. ಆಮ್ಯಾಲೆ ಅಳುವಂತಿ." ರೊಟ್ಟಿ ಮುಂದಿಟ್ಟು, ಉಂಡು ಮುಗಿಯುವವರೆಗೆ ಏನೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ನನಗೆ ಅಳು ಮರೆತೇ ಹೋಗಿರುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ನಾನೇ ಅಂಗಡಿ ಹಾಕಿದೆ. ಸುತ್ತಲಿನ ಮದುವೆಗಳ ವಿಡಿಯೊ ಎಲ್ಲ ನನ್ನದೇ. ಟೆಕ್ ಪಾರ್ಕುಗಳು ಎದ್ದ ಮೇಲೆ ಪಾಸ್‌ಪೋರ್ಟ್ ಫೋಟೊ, ಜೆರಾಕ್ಸ್ ಅಷ್ಟೇ ಉಳಿದವು. ಆದರೂ ವಿಡಿಯೊ ಎಂದರೆ ನಾನೇ ಎಂಬ ಜಂಬ ಹೋಗಿರಲಿಲ್ಲ.

ಅತ್ತಿಗೆಯ ಗಂಟಲಿನಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆದ ಮೇಲೆ ಧ್ವನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ಅವರ ಮೊಮ್ಮಗಳು ಆಗ ತುಂಬು ಬಸುರಿ, ಬ್ರೂಕ್‌ಫೀಲ್ಡ್‌ನ ಫ್ಲಾಟಿನಲ್ಲಿದ್ದಳು. ಅತ್ತಿಗೆ ಕೇಳಿದ್ದು ಒಂದೇ. "ಬರೋ ಕೂಸಿಗೆ ನನ್ನ ಜೋಗುಳ ಕೇಳಬೇಕಲಾ."

"ಫೋನಲ್ಲೇ ರೆಕಾರ್ಡ್ ಮಾಡ್ಕೊಳ್ತೀನಿ ತಾತ," ಎಂದಳು ಅಜ್ಜಿಯನ್ನು ನೋಡಲು ಬಂದಿದ್ದ ಮೊಮ್ಮಗಳು.

"ಫೋನಲ್ಲಿ ಬರೀ ಗಾಡಿ ಸದ್ದೇ ಬರುತ್ತೆ ಕಣಮ್ಮ. ಆ ಮಗು ಜೀವನಪೂರ್ತಿ ಕೇಳೋದು. ನಾನು ಮಾಡ್ತೀನಿ ಬಿಡು," ಎಂದೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರ ಮನೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದೆ. ನನ್ನ ಹಳೇ ಕ್ಯಾಮೆರಾಕ್ಕೆ ಕ್ಯಾಸೆಟ್ಟು ಸಿಗುತ್ತಿರಲಿಲ್ಲ. ಅದಕ್ಕೇ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದ್ದೆ. ಅತ್ತಿಗೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಬಂದು ಕುಳಿತರು.

"ನನ್ನ ಮಾರಿ ನೆಟ್ಟಗ ಕಾಣ್ತೈತೇನೋ? ಕೂಸು ಅಂಜಬಾರ್ದು ನೋಡು."

"ಮದುಮಗಳ ಥರ ಕಾಣ್ತಿದೀರಿ ಅತ್ತಿಗೆ."

"ಹಲ್ಲಿಲ್ಲದ ಮದುಮಗಳು," ಎಂದು ನಕ್ಕರು. ನಾನು ಎಂದಿನಂತೆ ಕ್ಯಾಮೆರಾದ ಗುಂಡಿ ಒತ್ತಿದೆ. ಅವರು ಹಾಡತೊಡಗಿದರು. ಪರದೆಯ ಮೇಲೆ ಚುಕ್ಕಿ ನಡುಗುವುದೂ ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಗೆ ನೋವು ತಡೆಯದೆ ಗಂಟಲು ಹಿಡಿದುಕೊಂಡರು. ಆದರೆ ಹಾಡು ಪೂರ್ತಿಯಾಗಿತ್ತು.

ಸಂಜೆ ಅಂಗಡಿಯಲ್ಲಿ ತೆರೆದು ನೋಡಿದರೆ ಲ್ಯಾಪ್‌ಟಾಪಿನಲ್ಲಿ ಏನೂ ಇಲ್ಲ.

ನನ್ನ ತಪ್ಪು ಇದಲ್ಲ. ತಪ್ಪು ಇದರ ಮುಂದಿನದು. ಆಗ ಇನ್ನೂ ಹೊತ್ತಿತ್ತು. ಅವರ ಮನೆ ಎರಡು ಗಲ್ಲಿ ಆಚೆ. ಹೋಗಿ, "ಇನ್ನೊಂದು ಸಲ ಹಾಡಿ, ಫೋನಿನಲ್ಲೇ ತೆಗೆಯೋಣ," ಎನ್ನಬಹುದಿತ್ತು. ಫೋನು ಬೇಡ ಎಂದವನು, ಅಲ್ಲೇ ಇದ್ದ ಮೊಮ್ಮಗಳ ಮುಂದೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಹಾಡು ಒಳಗೆಲ್ಲೋ ಇದ್ದೇ ಇರುತ್ತದೆ, ತಿಳಿದವರು ಹುಡುಕಿ ಕೊಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಬಾಗಿಲು ಎಳೆದೆ.

ಮಾರನೆಯ ದಿನ, ಅತ್ತಿಗೆ ಆಪರೇಷನ್ ಕೋಣೆಯಲ್ಲಿದ್ದಾಗ, ಕಂಪ್ಯೂಟರ್ ರಿಪೇರಿಯವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. "ಅಣ್ಣ, ಇದರಲ್ಲೂ ರೆಕಾರ್ಡ್ ಒತ್ಬೇಕಿತ್ತು. ನೀವು ಒತ್ತೇ ಇಲ್ಲ. ಇದು ಬರೀ ತೋರ್ಸಿದೆ ಅಷ್ಟೇ, ಇಟ್ಕೊಂಡಿಲ್ಲ."

ಮನೆಯವರಿಗೆಲ್ಲ ಲ್ಯಾಪ್‌ಟಾಪ್ ಕೆಟ್ಟಿದೆ, ಹಾಡು ಭದ್ರವಾಗಿದೆ ಎಂದೆ. ಹಳೇ ಮದುವೆ ಕ್ಯಾಸೆಟ್ಟುಗಳಲ್ಲಿ ಅವರ ಧ್ವನಿ ಹುಡುಕಿದೆ. ಎಲ್ಲದರ ಮೇಲೂ ನಾನೇ ಸಿನಿಮಾ ಹಾಡು ಕೂರಿಸಿದ್ದೆ.

ಮಗು ಹುಟ್ಟಿತು. ಬಾಣಂತಿ ಮಗುವಿನೊಂದಿಗೆ ಅಜ್ಜಿಯ ಮನೆಗೆ ಬಂದ ದಿನ ನನಗೆ ಕರೆ ಬಂತು. ಲ್ಯಾಪ್‌ಟಾಪ್ ಹಿಡಿದು ಹೋದೆ. ಕೆಟ್ಟಿರುವುದನ್ನು ತೋರಿಸಿದಂತೆ ಮಾಡಿ ಎದ್ದು ಬರುವ ಯೋಚನೆ. ಬಾಣಂತಿ ಒಳಗೆ ಮಲಗಿದ್ದಳು. ಅತ್ತಿಗೆಯ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು. ಚುಕ್ಕಿಯಿದ್ದ ಕಡೆ ಉಸಿರಾಡಲು ತೂತು ಮಾಡಿದ್ದರು. ತೊಟ್ಟಿಲನ್ನು ತಾವೇ ಹತ್ತಿರ ಎಳೆದುಕೊಂಡು, ಹಾಕು ಎಂದು ಕೈ ಮಾಡಿದರು.

ಗಡಿಬಿಡಿಯಲ್ಲಿ ಯಾವುದನ್ನೋ ಒತ್ತಿದೆ. ಲ್ಯಾಪ್‌ಟಾಪಿನದೇ ಕ್ಯಾಮೆರಾ ಚಾಲೂ ಆಗಿ ಪರದೆಯಲ್ಲಿ ಅತ್ತಿಗೆಯ ಮುಖ ಬಂತು. ಅವರ ಕಣ್ಣು ಅರಳಿತು. ಹಾಡು ಈಗ ಶುರುವಾಗುತ್ತದೆ ಎಂದು ಮುಂದಕ್ಕೆ ಬಾಗಿ ಕಾದರು. ಕಾಯುತ್ತಾ ಕುತ್ತಿಗೆಯ ಬಟ್ಟೆ ಸರಿಮಾಡಿಕೊಳ್ಳಲು ಕೈ ಎತ್ತಿದರು. ಪರದೆಯಲ್ಲೂ ಕೈ ಎದ್ದಿತು. ಕೈ ಇಳಿಸಿ, ಮತ್ತೊಮ್ಮೆ ಮೆಲ್ಲಗೆ ಎತ್ತಿ ನೋಡಿದರು.

ನಾನು, "ರಿಪೇರಿ ಮಾಡಿಸಿ ತರ್ತೀನಿ ಅತ್ತಿಗೆ," ಎಂದೆ. ಆಗಲೂ ಹಾಗೇ ಎಂದೆ.

ಅವರು ಲ್ಯಾಪ್‌ಟಾಪಿನ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದರು. ಎದ್ದು ಒಳಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ, ಪಲ್ಯ ತಂದು ಮುಂದಿಟ್ಟು, ಬೆರಳು ಜೋಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದರು. ಉಣ್ಣು.

ಉಂಡೆ. ಅವರು ತೊಟ್ಟಿಲು ತೂಗುತ್ತಾ ತುಟಿ ಆಡಿಸುತ್ತಿದ್ದರು. ಮಗು ಅವರ ತುಟಿಯನ್ನೇ ನೋಡುತ್ತಿತ್ತು.

ಅವರು ಯಾರಿಗೂ ಏನನ್ನೂ ತಿಳಿಸಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹೋದರು. ಆ ಜೋಗುಳದ ಒಂದೊಂದು ಮಾತೂ ನನಗೆ ಬರುತ್ತದೆ. ಮಗು ಎದುರಿಗೆ ಬಂದರೆ ಒಂದೂ ಹೊರಡುವುದಿಲ್ಲ. ಉಂಡ ಮೇಲೆ ಅಳಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು. ಅವರು ಅದಕ್ಕಾಗಿಯೇ ಎದುರಿಗೆ ಕುಳಿತಿದ್ದರೋ ಏನೋ. ಕೈ ತೊಳೆದು ಎದ್ದು ಬಂದುಬಿಟ್ಟೆ. ನನ್ನನ್ನು ಉಣ್ಣಿಸಿ ಬೆಳೆಸಿದವರು, ನಮ್ಮ ಅತ್ತಿಗೆ.